ಗುರುತಿಲ್ಲದವರ ಮನೆಯಲ್ಲಿದ್ದೇವೆ, ಈ ಋಣ ಹೇಗೆ ತೀರಿಸಲಿ?

ಪ್ರಶ್ನೆ: ಪ್ರವಾಹದಲ್ಲಿ ನಮ್ಮ ಮನೆ ಬಿದ್ದುಹೋಯಿತು. ಪರಿಹಾರ ಕೇಂದ್ರದಲ್ಲಿ ಜಾಗ ಸಾಲದೆ ಒದ್ದಾಡುತ್ತಿದ್ದಾಗ, ಮುಖ ಪರಿಚಯವೂ ಇಲ್ಲದ ಒಬ್ಬರು ಬಂದು ತಮ್ಮ ಮನೆಯ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟರು. ಬಾಡಿಗೆ ಕೊಡಲು ಹೋದರೆ ಬೇಡವೇ ಬೇಡ ಅನ್ನುತ್ತಾರೆ. ಅಪ್ಪನಿಗೆ ತುಂಬಾ ಸಂಕೋಚ, ಅವರೆದುರು ತಲೆ ಎತ್ತಿ ಮಾತಾಡುವುದಿಲ್ಲ. ಅಮ್ಮ ಸುಮ್ಮಸುಮ್ಮನೆ ಸಿಡುಕುತ್ತಾರೆ, ಆಮೇಲೆ ಅಳುತ್ತಾರೆ. ಇವರ ಋಣ ತೀರಿಸುವುದು ಹೇಗೆ?
(ಹೆಸರು ಬೇಡ)

ಉತ್ತರ: ಬಾಡಿಗೆ ದುಡ್ಡನ್ನು ಮತ್ತೆ ಮತ್ತೆ ಅವರ ಮುಂದೆ ಹಿಡಿಯಬೇಡಿ. ಅವರು ಯೋಚಿಸಿಯೇ ಬೇಡ ಎಂದಿದ್ದಾರೆ. ವಿಪತ್ತಿಗೆ ಸಿಕ್ಕಿದವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿತ್ತು. ಸಹಾಯಕ್ಕೆ ಬದಲಾಗಿ ಹಣವನ್ನಾಗಲಿ ಉಪಕಾರವನ್ನಾಗಲಿ ಕೇಳಬೇಡಿ ಎಂದು ಅದರಲ್ಲಿದೆ. ನಿಮಗೆ ಮನೆ ಕೊಟ್ಟವರು ಅದನ್ನು ಓದಿರಲಿಕ್ಕಿಲ್ಲ, ಆದರೂ ಅದರಂತೆಯೇ ಇದ್ದಾರೆ. ಎಂಥ ಮನಸ್ಸು ಅಲ್ವಾ!

ಅಪ್ಪನ ಸಂಕಟ ಬೇರೆ. ಇಷ್ಟು ವರ್ಷ ಮನೆ ನಡೆಸಿದವರು, ಈಗ ಯಾವ ತೀರ್ಮಾನವೂ ಅವರ ಕೈಯಲ್ಲಿಲ್ಲ, ಸುಮ್ನೆ ಕೂತಿರಬೇಕು. ಹಂಗು ಚುಚ್ಚುವುದು ಇದರಿಂದಲೇ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ. ಹಾಗಂತ ಮನೆಯವರ ಹತ್ತಿರ ಹೋಗಿ ‘ಏನಾದರೂ ಕೆಲಸ ಇದ್ದರೆ ಹೇಳಿ’ ಅನ್ನಬೇಡಿ, ಏನೂ ಇಲ್ಲ ಎಂದೇ ಹೇಳುತ್ತಾರೆ. ಅಪ್ಪನಿಗೆ ಕೈ ಪಳಗಿದ ಒಂದು ಕೆಲಸ ನೋಡಿ, ಸೋರುವ ನಲ್ಲಿಯೋ, ಗಿಡಗಳ ಆರೈಕೆಯೋ ಯಾವುದಾದರೂ ಸರಿ, ‘ಇದನ್ನು ಅಪ್ಪ ನೋಡಿಕೊಳ್ಳಲಿ, ಅವರಿಗೂ ಮನಸ್ಸು ಹಗುರಾಗುತ್ತದೆ’ ಎಂದು ಕೇಳಿ. ಪರಿಹಾರದ ಅರ್ಜಿ, ನೀರುಪಾಲಾದ ದಾಖಲೆಗಳ ಓಡಾಟವನ್ನೂ ಅಪ್ಪನೇ ಮಾಡಲಿ. ನೀವು ಜೊತೆಗೆ ಹೋದರೆ ಸಾಕು.

ಅಮ್ಮ ಸಿಡುಕುವುದನ್ನು ಉಪಕಾರ ಮರೆತ ನಡತೆ ಎಂದು ತಿಳಿಯಬೇಡಿ. ನಿರಾಶ್ರಿತರಿಗೆ ಎಷ್ಟು ಜಾಗ ಬೇಕು ಎಂಬುದಕ್ಕೆ ನೆರವು ಸಂಸ್ಥೆಗಳಲ್ಲಿ ಸ್ಫಿಯರ್ ಎಂಬ ಮಾನದಂಡ ಇದೆ. ತಲೆಗೆ ಕನಿಷ್ಠ 3.5 ಚದರ ಮೀಟರ್, ಅದೂ ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು. ಬಹುಶಃ ನಿಮಗೆ ಅದಕ್ಕಿಂತ ಜಾಸ್ತಿಯೇ ಸಿಕ್ಕಿದೆ. ಆದರೆ ಬೇರೆಯವರ ಅಡುಗೆಮನೆಯಲ್ಲಿ ಡಬ್ಬಿ ಮುಟ್ಟುವುದಕ್ಕೂ ಕೇಳಬೇಕಾದ ಕಷ್ಟವನ್ನು ಯಾವ ಅಳತೆಯೂ ಹೇಳುವುದಿಲ್ಲ. ಮೇಲಿನ ಕೋಣೆಯಲ್ಲೇ ಒಂದು ಪುಟ್ಟ ಒಲೆ ಇಟ್ಟುಕೊಳ್ಳಬಹುದೇ ಎಂದು ಕೇಳಿ ನೋಡಿ. ಅತ್ತರೆ ಅಳಲಿ, ಮನೆ ಹೋಗಿದೆ ಅವರದು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟರೆ ಮಾತ್ರ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಋಣದ ಮಾತು. ಬಾಡಿಗೆ ಬೇಡ ಅನ್ನುವವರೂ ಕರೆಂಟ್ ಬಿಲ್ಲಿನ ಅರ್ಧ ನಮ್ಮದು ಎಂದರೆ ಒಪ್ಪುವುದುಂಟು, ಅದನ್ನು ಕೇಳಿ. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ದಿನ ಇರುತ್ತೀರಿ ಎಂಬುದು. ಅವರಾಗಿ ಅದನ್ನು ಕೇಳಲಾರರು, ಕೇಳಿದರೆ ಹೋಗಿ ಅಂದಂತೆ ಆಗುತ್ತದೆ ಎಂಬ ಭಯ ಅವರಿಗೂ ಇರುತ್ತದೆ. ನೀವೇ ಕೂತು ಮಾತಾಡಿ, ಅಂದಾಜು ಇಂಥ ತಿಂಗಳವರೆಗೆ ಎಂದು ಹೇಳಿ, ಬದಲಾದರೆ ಮೊದಲೇ ತಿಳಿಸಿ. ಅವರ ಫೋಟೊವನ್ನು ಹೊಗಳಿಕೆ ಬರೆದು ಎಲ್ಲರಿಗೂ ಕಳಿಸುವ ಆಸೆ ಇದ್ದರೆ, ಅವರನ್ನು ಕೇಳದೆ ಕಳಿಸಬೇಡಿ.