ಗುರುಗಳಿಗೆ ಹೇಳಿದರೆ ಸಾಕೇ, ತಂಗಿಗೂ ಹೇಳಬೇಕೇ?

ಬೆಳಗಾವಿಯ ಕ್ಯಾಂಪ್ ಕಡೆಯ ಓದುಗರೊಬ್ಬರ ಪತ್ರ ಇದು. ಉದ್ದ ಇದೆ, ಸಾರವನ್ನಷ್ಟೇ ಕೊಡುತ್ತಿದ್ದೇನೆ.

"ನಮ್ಮದು ಕಥೋಲಿಕ ಕುಟುಂಬ. ಆರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ಹೋಗುವ ಮುಂಚೆ ನಾಲ್ಕು ತೊಲೆಯ ಬಂಗಾರದ ಪಾಟ್ಲಿ (ಬಳೆ) ನನ್ನ ಕೈಗೆ ಕೊಟ್ಟು 'ಇದು ತಂಗಿಗೆ' ಅಂದಿದ್ದಳು. ಆಗ ನನ್ನ ಗಂಡನ ವ್ಯಾಪಾರ ಮುಳುಗಿತ್ತು. ನಾನು ಪಾಟ್ಲಿ ಮಾರಿದೆ. ಬಾಗಲಕೋಟೆಯಲ್ಲಿರುವ ತಂಗಿಗೆ, ಆಸ್ಪತ್ರೆ ಖರ್ಚಿಗೆ ಅವ್ವನೇ ಮಾರಿದಳು ಎಂದು ಸುಳ್ಳು ಹೇಳಿದೆ. ಪ್ರತಿ ನವೆಂಬರ್ 2ಕ್ಕೆ, ತೀರಿಕೊಂಡವರ ನೆನಪಿನ ದಿನ, ಅವ್ವನ ಸಮಾಧಿ ಹತ್ತಿರ ತಂಗಿ ಅಳುತ್ತಾಳೆ. 'ನಾನು ರೊಕ್ಕ ಕಳಿಸಿದ್ರ ಅವ್ವ ಪಾಟ್ಲಿ ಮಾರತಿರಲಿಲ್ಲ' ಅಂತಾಳೆ. ಚರ್ಚಿನಲ್ಲಿ ಗುರುಗಳ ಮುಂದೆ ಪಾಪನಿವೇದನೆಗೆ ಹೋದಾಗ ಸಣ್ಣಪುಟ್ಟದ್ದು ಹೇಳಿ ಬರುತ್ತೇನೆ, ಇದನ್ನು ಬಿಡುತ್ತೇನೆ. ನಮ್ಮ ಚರ್ಚಿನ ಗುರುಗಳು (ಪಾದ್ರಿ) ಮನೆಗೆ ಊಟಕ್ಕೆ ಬರುವವರು. ಅತ್ತೆಯ ಕಿವಿಗೆ ಬಿದ್ದರೆ? ಪೂಜೆಯಲ್ಲಿ ಗುರುಗಳು ಕೊಡುವ ಪರಮಪ್ರಸಾದಕ್ಕೆ ಎದ್ದು ಹೋಗದಿದ್ದರೆ ಅತ್ತೆ ಮುಖ ನೋಡುತ್ತಾರೆ, ಹಾಗಾಗಿ ಹೋಗುತ್ತೇನೆ. ಪಕ್ಕದ ಮನೆಯ ಮೆಥೋಡಿಸ್ಟ್ ಗೆಳತಿ 'ದೇವರಿಗೆ ನೇರವಾಗಿ ಹೇಳು, ಮನುಷ್ಯರಿಗೇಕೆ' ಅನ್ನುತ್ತಾಳೆ. ಗುರುಗಳಿಗೆ ಹೇಳಿ ಕ್ಷಮೆ ಸಿಕ್ಕರೆ ಸಾಕಲ್ವಾ? ತಂಗಿಗೂ ಹೇಳಲೇಬೇಕಾ? ಅವಳ ಮಗಳ ನಿಶ್ಚಯ ಬೇರೆ ಹತ್ತಿರ ಬಂದಿದೆ."

ಮೊದಲು ನಿಮ್ಮ ಭಯದ ಮಾತು. ಗುರುಗಳು ಅತ್ತೆಗೆ ಹೇಳುವಂತಿಲ್ಲ. ಇದು ಅವರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನ 983ನೇ ವಿಧಿ ಪ್ರಕಾರ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಮಾತಿನಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ, ಯಾವ ಕಾರಣಕ್ಕೂ ಹೊರಗೆ ಬಿಡಬಾರದು. ನೇರವಾಗಿ ಬಿಟ್ಟರೆ ಆ ಕ್ಷಣವೇ ಅವರಿಗೆ ಬಹಿಷ್ಕಾರ. ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ಮುಂದಿನ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾರಿಗೂ ಗೊತ್ತಾಗದಿದ್ದರೂ ಸರಿ, ಕೇಳಿದ್ದನ್ನು ನಿಮಗೆ ತೊಂದರೆಯಾಗುವಂತೆ ಬಳಸಬಾರದು. ಅಂದರೆ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮನ್ನು ಬೇರೆ ಥರ ನೋಡುವುದಕ್ಕೂ ಅವರಿಗೆ ಹಕ್ಕಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು ಎಂದು 1215ರ ಲ್ಯಾಟರನ್ ಮಹಾಸಭೆ ನಿಯಮ ಮಾಡಿತು. ಗುಟ್ಟು ಒಡೆದ ಪಾದ್ರಿಯನ್ನು ಪದವಿಯಿಂದ ಇಳಿಸಿ, ಬದುಕಿಡೀ ಪ್ರಾಯಶ್ಚಿತ್ತಕ್ಕೆ ಮಠಕ್ಕೆ ಕಳಿಸಬೇಕು ಎಂದು ಬರೆದದ್ದೂ ಅದೇ ನಿಯಮದಲ್ಲಿ.

ಆದರೂ ನಿಮ್ಮ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. 2018ರಲ್ಲಿ ಕೇರಳದ ಬೇರೊಂದು ಪಂಗಡದ ಕೆಲವು ಪಾದ್ರಿಗಳ ಮೇಲೆ, ಹೀಗೆ ಕೇಳಿಸಿಕೊಂಡದ್ದನ್ನೇ ಹಿಡಿದು ಮಹಿಳೆಯೊಬ್ಬರನ್ನು ಬೆದರಿಸಿದ ಆರೋಪ ಬಂದಿತ್ತು. ಪಾಪನಿವೇದನೆಯನ್ನೇ ನಿಲ್ಲಿಸಿ ಎಂದು ಆಗ ರಾಷ್ಟ್ರೀಯ ಮಹಿಳಾ ಆಯೋಗ ಹೇಳಿತ್ತು. ಆದ್ದರಿಂದ ಎಚ್ಚರ ತಪ್ಪಲ್ಲ. ನಿಮ್ಮ ಗುರುಗಳ ಬಳಿಯೇ ಹೋಗಬೇಕೆಂಬ ಕಟ್ಟಳೆ ಇಲ್ಲ. ಅಧಿಕಾರ ಇರುವ ಯಾವ ಗುರುಗಳ ಬಳಿಯಾದರೂ ಹೋಗಬಹುದು. ಬೆಳಗಾವಿಯಲ್ಲಿ ಚರ್ಚುಗಳಿಗೆ ಕೊರತೆಯಿಲ್ಲ. ಜಾಲರಿಯ ಹಿಂದೆ ಕೂತು, ಮುಖ ತೋರಿಸದೆ ಹೇಳುವ ಹಕ್ಕೂ ನಿಮಗಿದೆ. ಹೆಸರು ಹೇಳಬೇಕಿಲ್ಲ, ಗಂಡನ ವ್ಯಾಪಾರದ ಕಥೆಯೂ ಬೇಡ. "ತಂಗಿಗೆ ಸೇರಬೇಕಾದ ಬಂಗಾರ ಮಾರಿಕೊಂಡೆ. ಅವಳಿಗೆ ಸುಳ್ಳು ಹೇಳಿದೆ. ಇದನ್ನು ಹಿಂದಿನ ಪಾಪನಿವೇದನೆಗಳಲ್ಲಿ ಬೇಕಂತಲೇ ಮುಚ್ಚಿಟ್ಟೆ. ಹಾಗೇ ಪರಮಪ್ರಸಾದ ತೆಗೆದುಕೊಂಡೆ." ಇಷ್ಟು ಸಾಕು. ಕೊನೆಯ ಎರಡು ಮಾತು ಬಿಡಬೇಡಿ. ದೊಡ್ಡ ಪಾಪವನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಆ ಪಾಪನಿವೇದನೆಯೇ ಊರ್ಜಿತವಲ್ಲ ಎನ್ನುವುದು ನಿಮ್ಮ ಧರ್ಮಸಭೆಯ ಬೋಧನೆ. ಆಗ ಹೇಳಿದ್ದರಲ್ಲಿ ಬೇರೆ ದೊಡ್ಡ ಪಾಪಗಳಿದ್ದರೆ ಅವನ್ನೂ ಸೇರಿಸಿ ಹೊಸದಾಗಿ ಹೇಳಬೇಕಾಗುತ್ತದೆ. ಹೇಗೆ ಎಂದು ಗುರುಗಳನ್ನೇ ಕೇಳಿ, ಅವರು ಹೇಳಿಕೊಡುತ್ತಾರೆ.

ನಿಮ್ಮ ಗೆಳತಿಯ ಜೊತೆ ವಾದ ಬೇಡ. ಅವರ ಸಭೆಯಲ್ಲಿ ಆ ಪದ್ಧತಿ ಇದೆ, ಅವರು ಅದರಲ್ಲೇ ಬೆಳೆದವರು. ನೀವು ನಿಮ್ಮ ಸಭೆಯಲ್ಲಿ ಬೆಳೆದವರು. ದೇವರಿಗೆ ನೇರವಾಗಿ ಹೇಳಿದರೂ, ಗುರುಗಳ ಮೂಲಕ ಹೇಳಿದರೂ, ಬಾಗಲಕೋಟೆಯಲ್ಲಿ ನಿಮ್ಮ ತಂಗಿ ಹಾಗೇ ಇರುತ್ತಾಳಲ್ವಾ?

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬಂಗಾರವಲ್ಲ, ತಂಗಿಯ ಅಳು. ಆರು ವರ್ಷದಿಂದ ಆ ಹೆಣ್ಣುಮಗಳು ತಾನು ಮಾಡದ ತಪ್ಪಿಗೆ ಅಳುತ್ತಿದ್ದಾಳೆ. ಪಾಟ್ಲಿ ಮಾರಿದ್ದನ್ನು ಕಷ್ಟಕಾಲದ ಕೆಲಸ ಎಂದು ಅರ್ಥ ಮಾಡಿಕೊಳ್ಳಬಹುದು. ಆದರೆ ನಿಮ್ಮ ತಪ್ಪನ್ನು ಅವಳು ತನ್ನ ತಲೆಯ ಮೇಲೆ ಹೊತ್ತಿದ್ದಾಳೆ, ನೀವು ಪಕ್ಕದಲ್ಲೇ ನಿಂತು ನೋಡುತ್ತಿದ್ದೀರಿ. ಇದು ನಿಮಗೂ ಗೊತ್ತು. ಗೊತ್ತಿಲ್ಲದಿದ್ದರೆ ಆ ಸಾಲನ್ನು ನನಗೆ ಬರೆಯುತ್ತಿರಲಿಲ್ಲ.

ಕ್ಷಮೆ ಸಿಕ್ಕ ಮಾತ್ರಕ್ಕೆ ಕದ್ದ ವಸ್ತು ನಿಮ್ಮದಾಗುವುದಿಲ್ಲ. ಪ್ರಾಯಶ್ಚಿತ್ತಕ್ಕೆ ಗುರುಗಳು ನಾಲ್ಕು ಪ್ರಾರ್ಥನೆ ಹೇಳಬಹುದು, ಜೊತೆಗೆ ವಾಪಸ್ ಕೊಡು ಎಂದೂ ಹೇಳುತ್ತಾರೆ. ಬೈಬಲಿನಲ್ಲಿ ತೆರಿಗೆ ವಸೂಲಿಗಾರ ಜಕ್ಕಾಯ ಯೇಸುವಿನ ಮುಂದೆ ನಿಂತು, ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ನಿಮ್ಮ ಪ್ರಶ್ನೆಗೇ ಉತ್ತರ ಕೊಡುತ್ತದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಸರಿಮಾಡಿಕೊ, ಆಮೇಲೆ ಬಂದು ಅರ್ಪಿಸು ಎನ್ನುತ್ತದೆ.

ಹೆಸರು ಹೇಳದೆ ಗುಟ್ಟಾಗಿ ವಾಪಸ್ ಮುಟ್ಟಿಸುವುದಕ್ಕೂ ಧರ್ಮಸಭೆಯಲ್ಲಿ ಅವಕಾಶ ಇದೆ. ಎಷ್ಟೋ ಸಲ ಅದೇ ಸರಿ. ನಿಮ್ಮ ವಿಷಯದಲ್ಲಿ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ನಿಶ್ಚಯದ ದಿನ ಮಗಳಿಗೆ ಉಡುಗೊರೆ ಎಂದು ನಾಲ್ಕು ತೊಲೆ ಹಾಕಿದರೆ ಊರೆಲ್ಲ ನಿಮ್ಮನ್ನು ಹೊಗಳುತ್ತದೆ. ತಂಗಿ ಮಾತ್ರ ಮುಂದಿನ ನವೆಂಬರಿನಲ್ಲೂ ಹಾಗೇ ಅಳುತ್ತಾಳೆ.

ಆದ್ದರಿಂದ ನಿಶ್ಚಯಕ್ಕೆ ಮುಂಚೆಯೇ ಬಾಗಲಕೋಟೆಗೆ ಹೋಗಿ. ಫೋನಿನಲ್ಲಿ ಬೇಡ. ಗಂಡನಿಗೆ ಮೊದಲೇ ಹೇಳಿ, ಆದರೆ ಜೊತೆಗೆ ಕರೆದುಕೊಂಡು ಹೋಗಬೇಡಿ. ಅವಳೊಬ್ಬಳೇ ಇದ್ದಾಗ ಮೊದಲ ಮಾತು ಇದಾಗಲಿ: "ಅವ್ವ ಪಾಟ್ಲಿ ಮಾರಲಿಲ್ಲ. ನಾನು ಮಾರಿದೆ. ನಿನ್ನದೇನೂ ತಪ್ಪಿಲ್ಲ." ನಿಮ್ಮ ಆಗಿನ ಕಷ್ಟ ಅವಳು ಕೇಳಿದರೆ ಮಾತ್ರ ಹೇಳಿ. ಕೊಡುವಾಗ ಅಂದಿನ ರೊಕ್ಕದ ಲೆಕ್ಕ ಹಾಕಬೇಡಿ. ಬಂಗಾರದ ರೇಟು ಎಲ್ಲಿಗೆ ಏರಿದೆ ಎಂದು ನಿಮಗೇ ಗೊತ್ತು. ಅವ್ವ ಕೊಟ್ಟದ್ದು ತೂಕ, ತೂಕಕ್ಕೆ ತೂಕವೇ ಕೊಡಿ. ಒಮ್ಮೆಲೆ ಆಗದಿದ್ದರೆ ಎಷ್ಟು ದಿನದಲ್ಲಿ ಎಂದು ಬರೆದುಕೊಡಿ, ಮೊದಲ ತೊಲೆ ಕೈಯಲ್ಲಿ ಹಿಡಿದೇ ಹೋಗಿ.

ಅವಳು ಸಿಟ್ಟಾಗಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಅದು ಅವಳ ಹಕ್ಕು. ಇನ್ನೊಂದು ಮಾತು, ಇದು ನಿಮಗೆ ಕಷ್ಟ ಅನಿಸುತ್ತದೆ. ಗುರುಗಳಿಗಿರುವ ಗುಟ್ಟಿನ ಕಟ್ಟು ತಂಗಿಗಿಲ್ಲ. ಗಂಡನಿಗೆ, ಮಗಳಿಗೆ, ನಿಮ್ಮ ಅತ್ತೆಗೂ ಅವಳು ಹೇಳಬಹುದು. "ಯಾರಿಗೂ ಹೇಳಬೇಡ" ಎಂದು ಅವಳಿಂದ ಆಣೆ ತೆಗೆದುಕೊಳ್ಳಬೇಡಿ.