ಆಪ್ತಸಲಹೆ ಪ್ರಕರಣ: ಸೀನಿಯರ್ ಅಕ್ಕ ಹೇಳಿದ್ದೆಲ್ಲ ನಿಜವೇ?

(ಗುರುತು ಸಿಗದಂತೆ ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಶಾಂತಾ ಬಂದಾಗ ಜೊತೆಗೆ ತಾಯಿ ಮತ್ತು ಸೋದರಮಾವ ಇದ್ದರು. ಮಾತು ಶುರು ಮಾಡಿದ್ದು ಮಾವ. "ಹುಡುಗಿ ಸರಿಯಾಗಿ ಉಣ್ಣುವುದಿಲ್ಲ, ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಾಳೆ. ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಅಂದರು. ನೀವು ಸ್ವಲ್ಪ ಬುದ್ಧಿ ಹೇಳಬೇಕು, ಮೇಡಂ." ಬುದ್ಧಿ ಹೇಳಿಸಲೆಂದೇ ಮಕ್ಕಳನ್ನು ನನ್ನಲ್ಲಿಗೆ ಕರೆತರುವವರು ಬಹಳ. ಅಂಥವರಿಗೆ ಚಹಾ ತರಿಸಿಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂರಿಸುವುದು ನನ್ನ ರೂಢಿ.

ರಾಯಚೂರು ಜಿಲ್ಲೆಯ ಹಳ್ಳಿಯ ಹುಡುಗಿ, ಇಪ್ಪತ್ತೊಂದು ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ವಿಜ್ಞಾನ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಅಂಕಗಳು ಚೆನ್ನಾಗಿದ್ದವು. ತಂದೆಗೆ ತೊಗರಿ, ಹತ್ತಿ ಬೆಳೆಯುವ ಒಂದಿಷ್ಟು ಹೊಲ. ಓದಿನ ಖರ್ಚು ನೋಡಿಕೊಂಡಿದ್ದು ಮಾವ. ಆದ್ದರಿಂದ ಮುಂದೆ ಏನು ಓದಬೇಕು ಎಂಬ ತೀರ್ಮಾನವೂ ಮಾವನದೇ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಮಾವ ಬಿ.ಇಡಿ. ಎಂದಿದ್ದರು. ಎಂದಿದ್ದಷ್ಟೇ ಅಲ್ಲ, ಹತ್ತಿರದ ಒಂದು ಖಾಸಗಿ ಕಾಲೇಜಿಗೆ ಮುಂಗಡ ಹಣ ಕಟ್ಟಿ, ಅವಳ ಮೂಲ ಅಂಕಪಟ್ಟಿಗಳನ್ನು ಕೊಟ್ಟು ಬಂದಿದ್ದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದಾಗ ಶಾಂತಾ ಏನೂ ಹೇಳಲಿಲ್ಲ. ಮೊಬೈಲ್ ಮೇಜಿನ ಮೇಲಿಟ್ಟು ಒಂದು ಧ್ವನಿ ಸಂದೇಶವನ್ನು ಒತ್ತಿದಳು. ಪಕ್ಕದ ಊರಿನ ಗೀತಾಳ ದನಿ. ಅದೇ ಕಾಲೇಜಿನಲ್ಲಿ ಓದಿ, ಈಗ ದಕ್ಷಿಣದ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡುತ್ತಿರುವವಳು. "ನೀನು ಬಂದುಬಿಡು. ಇಲ್ಲಿ ಮರಗಳ ಕೆಳಗೆ ನಡೆದರೆ ಸಾಕು, ಊರೇ ಮರೆತುಹೋಗುತ್ತದೆ. ಹಾಸ್ಟೆಲ್ ಸಿಕ್ಕೇ ಸಿಗುತ್ತದೆ, ಅಲ್ಲಿಯವರೆಗೆ ನನ್ನ ರೂಮಿನಲ್ಲಿರು. ಸ್ಕಾಲರ್‌ಶಿಪ್ ಬರುತ್ತದೆ, ಖರ್ಚೇ ಇಲ್ಲ. 371 ಜೆ ಸರ್ಟಿಫಿಕೇಟಿಗಾಗಿ ಓಡಾಡಬೇಡ, ಅದು ಕಲಬುರಗಿ ಕಡೆ ಮಾತ್ರ ನಡೆಯುತ್ತದೆ." (371 ಜೆ ಎಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಮೀಸಲಾತಿಗೆ ದಾರಿ ಮಾಡಿಕೊಟ್ಟ ಸಂವಿಧಾನದ ವಿಧಿ.) ಇಂಥ ಸಂದೇಶಗಳು ಹತ್ತಾರು ಇದ್ದವು. ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಾಳೆ ಎಂದರೆ ಇವನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಒಳಗಿನ ವಿಷಯ ಆಮೇಲೆ ಹೊರಬಂತು. ಮನೆಗೆ ತಿಳಿಸದೆ ಎಂ.ಎಸ್ಸಿ.ಗೆ ಆನ್‌ಲೈನ್ ಅರ್ಜಿ ಹಾಕಿದ್ದಾಳೆ, ಅರ್ಜಿ ಶುಲ್ಕವನ್ನು ಗೀತಾ ತನ್ನ ಫೋನಿನಿಂದ ಕಟ್ಟಿದ್ದಾಳೆ. ದಾಖಲೆ ಪರಿಶೀಲನೆ ಹತ್ತಿರ ಬಂದಿದೆ, ಮೂಲ ಅಂಕಪಟ್ಟಿಗಳು ಬಿ.ಇಡಿ. ಕಾಲೇಜಿನ ಬೀರುವಿನಲ್ಲಿವೆ. ಯಾರಿಗೆ ಹೇಳುವುದು? ಅವಳು ನಿದ್ದೆಗೆಟ್ಟಿದ್ದು ಇದರಿಂದ.

ಇದನ್ನು ಖಿನ್ನತೆ ಎಂದು ಕರೆಯಲು ನಾನು ಅವಸರ ಮಾಡಲಿಲ್ಲ. ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ. ಇರಲಿಲ್ಲ. ರಾತ್ರಿ ತೀರಾ ತಡೆಯಲಾಗದಂತೆ ಅನಿಸಿದರೆ ಕನ್ನಡದಲ್ಲೇ ಮಾತನಾಡಬಹುದಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವಳ ಫೋನಿನಲ್ಲಿ ಬರೆಸಿದೆ. ಉಳಿದದ್ದು ಕಾಗದಪತ್ರ ಮತ್ತು ಧೈರ್ಯದ ವಿಷಯ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ.

ಗೀತಾಳ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಕಚೇರಿಯಲ್ಲಿ ಕೇಳಿ ತಿಳಿಯಬಹುದಾದ ಮಾತು ಒಂದು ಕಡೆ, ಅಲ್ಲಿ ಬದುಕಿದವರಿಗೆ ಮಾತ್ರ ಗೊತ್ತಿರುವ ಮಾತು ಇನ್ನೊಂದು ಕಡೆ. ಇದು ನಾನು ಯಾವ ವಿದ್ಯಾರ್ಥಿಗೂ ಹೇಳುವ ಮಾತು: ಸೀನಿಯರ್‌ಗಳನ್ನು ನಿಯಮ ಕೇಳಬೇಡಿ, ಅನುಭವ ಕೇಳಿ. ನಿಯಮದ ಬಗ್ಗೆ ಅವರು ಹೇಳುವುದು ಅವರ ವರ್ಷದ್ದು, ಅವರ ಪ್ರವರ್ಗದ್ದು, ಎಷ್ಟೋ ಸಲ ಯಾರಿಂದಲೋ ಕೇಳಿದ್ದು.

371 ಜೆ ವಿಷಯದಲ್ಲಿ ಗೀತಾ ಹೇಳಿದ್ದು ತಪ್ಪು. 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70 ಸೀಟುಗಳಿದ್ದರೆ, ರಾಜ್ಯದ ಉಳಿದ ಭಾಗದಲ್ಲೂ ಶೇಕಡಾ 8 ಸೀಟುಗಳಿವೆ. ಬೀದರ್‌ನಿಂದ ಬಳ್ಳಾರಿಯವರೆಗಿನ ಮಕ್ಕಳಲ್ಲಿ ಎಷ್ಟೋ ಮಂದಿಗೆ ಈ ಎಂಟರ ಸುದ್ದಿಯೇ ತಿಳಿದಿರುವುದಿಲ್ಲ. ರಸಾಯನಶಾಸ್ತ್ರದಂಥ ವಿಭಾಗದಲ್ಲಿ ಸಾಮಾನ್ಯ ಪಟ್ಟಿಯ ಪೈಪೋಟಿ ಜೋರಾಗಿರುವಾಗ ಸೀಟು ಸಿಗುವುದಕ್ಕೂ ಸಿಗದಿರುವುದಕ್ಕೂ ಇದೇ ವ್ಯತ್ಯಾಸವಾಗಬಹುದು. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅದಕ್ಕೆ ಮೊದಲು ಗ್ರಾಮ ಆಡಳಿತಾಧಿಕಾರಿಯ, ಕಂದಾಯ ನಿರೀಕ್ಷಕರ ವರದಿ ಆಗಬೇಕು. ದಿನ ಹಿಡಿಯುವ ಕೆಲಸ. ಹೀಗಾಗಿ ಫಲಿತಾಂಶ ಬರಲಿ ಎಂದು ಕಾಯುವವರು ಕೆಡುತ್ತಾರೆ.

ಶಾಂತಾಳ ಪ್ಲಾಸ್ಟಿಕ್ ಫೈಲನ್ನು ಇಬ್ಬರೂ ಕೂತು ಬಿಚ್ಚಿದೆವು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು, ಐದು ವರ್ಷದ ಅವಧಿ ಮುಗಿದಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು "ಶರಣಪ್ಪ", ಆಧಾರ್‌ನಲ್ಲಿ "ಶರಣಬಸಪ್ಪ". ಬ್ಯಾಂಕ್ ಖಾತೆ ಇತ್ತು, ಆದರೆ ಆಧಾರ್ ಜೋಡಣೆ ಆಗಿರಲಿಲ್ಲ. ಹೀಗಿದ್ದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಒಪ್ಪಿಗೆಯಾದರೂ ಹಣ ಕೈಗೆ ಬರುವುದಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಬೇಕಾದ ವಲಸೆ ಪ್ರಮಾಣಪತ್ರದ ಹೆಸರನ್ನೇ ಅವಳು ಕೇಳಿರಲಿಲ್ಲ. ಗೀತಾಳ ಅಷ್ಟೊಂದು ಸಂದೇಶಗಳಲ್ಲಿ ಇವುಗಳ ಸುದ್ದಿ ಎಲ್ಲೂ ಇಲ್ಲ. ಅವಳನ್ನು ದೂರುವಂತಿಲ್ಲ. ಗೀತಾಳ ಕಾಗದಗಳು ಸರಿಯಿದ್ದವು, ಆದ್ದರಿಂದ ಅವಳಿಗೆ ಕಾಗದದ ಕಷ್ಟ ನೆನಪಿಲ್ಲ.

"ಖರ್ಚೇ ಇಲ್ಲ" ಎಂಬ ಮಾತನ್ನಂತೂ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿಸಿದೆ. ವಿದ್ಯಾರ್ಥಿವೇತನ ಬರುತ್ತದೆ, ಆದರೆ ಪ್ರವೇಶದ ದಿನ ಬರುವುದಿಲ್ಲ. ಶುಲ್ಕ ಕೈಯಿಂದ ಕಟ್ಟಬೇಕು. ದಾಖಲೆಗಳ ಇ-ದೃಢೀಕರಣ, ಇಲಾಖೆಯ ಮಂಜೂರಾತಿ, ಇವೆಲ್ಲ ಆದ ಮೇಲೆ ಖಾತೆಗೆ ಹಣ. ವಿಶ್ವವಿದ್ಯಾಲಯದ ಹಾಸ್ಟೆಲ್ ಬೇರೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಬೇರೆ. ಎರಡಕ್ಕೂ ಅರ್ಜಿ ಹಾಕಬೇಕು, ಪಟ್ಟಿ ಬರುವುದು ತರಗತಿ ಶುರುವಾದ ಎಷ್ಟೋ ದಿನಗಳ ಮೇಲೆ. ಹಾಸ್ಟೆಲ್ ಸಿಗದವರಿಗೆ ಊಟ ವಸತಿಯ ನೆರವು ಕೊಡುವ ವಿದ್ಯಾಸಿರಿ ಇದೆ, ಅದೂ ತಡವಾಗಿಯೇ ಬರುವ ಹಣ. ಅಲ್ಲಿಯವರೆಗೆ ಗೀತಾಳ ರೂಮಿನಲ್ಲಿ ಲೆಕ್ಕಕ್ಕಿಲ್ಲದೆ ಉಳಿಯುವ ಯೋಚನೆ ನನಗೆ ಒಂದಿಷ್ಟೂ ಹಿಡಿಸಲಿಲ್ಲ. ಸಿಕ್ಕಿಬಿದ್ದರೆ ಇಬ್ಬರ ಸೀಟಿಗೂ ಸಂಚಕಾರ. ಅದಕ್ಕಿಂತ ಹೆಚ್ಚಾಗಿ, ಮೊದಲ ದಿನದಿಂದಲೇ ಇನ್ನೊಬ್ಬರ ಮುಲಾಜಿನಲ್ಲಿ ಬದುಕಲು ಶುರು ಮಾಡಿದ ಹುಡುಗಿ ಆಮೇಲೆ ಬೇಡ ಎನ್ನುವ ಮಾತನ್ನು ಯಾವಾಗ ಕಲಿಯುತ್ತಾಳೆ? ಎರಡು ತಿಂಗಳ ಪೇಯಿಂಗ್ ಗೆಸ್ಟ್ ಬಾಡಿಗೆಯನ್ನು ಖರ್ಚಿನ ಪಟ್ಟಿಗೆ ಸೇರಿಸಿಕೋ ಎಂದೆ.

ಇನ್ನು ಹಾಳೆಯ ಇನ್ನೊಂದು ಕಡೆ. ಅಲ್ಲಿ "ಮರಗಳ ಕೆಳಗೆ ನಡೆದರೆ ಸಾಕು" ಎಂಬಂಥ ಮಾತುಗಳೇ ತುಂಬಿದ್ದವು. ಶಾಂತಾಳಿಗೆ ಒಂದು ಕೆಲಸ ಕೊಟ್ಟೆ: ಗೀತಾಳಿಗೆ ಫೋನ್ ಮಾಡಿ, ಮೊದಲ ಸಲ ಜ್ವರ ಬಂದಾಗ ಯಾರು ನೋಡಿಕೊಂಡರು, ಅಳುತ್ತಾ ಮನೆಗೆ ಫೋನ್ ಮಾಡಿದ್ದು ಯಾವಾಗ, ನಿನ್ನ ಹೆಸರು ಹಿಡಿದು ಕರೆದ ಮೊದಲ ಮೇಷ್ಟ್ರು ಯಾರು ಎಂದು ಕೇಳು. ಒಳ್ಳೆಯದೇ, ಕೆಟ್ಟದ್ದೇ ಎಂದು ಕೇಳಿದರೆ ಜನ ತೀರ್ಪು ಕೊಡುತ್ತಾರೆ. ಜ್ವರ ಬಂದ ದಿನದ ಬಗ್ಗೆ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಮುಂದಿನ ವಾರ ಶಾಂತಾ ಒಬ್ಬಳೇ ಬಂದಳು, ಉಂಡು ಬಂದಿದ್ದಳು. ಗೀತಾ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಮಾತನಾಡಿದಳಂತೆ. ಮೊದಲ ತಿಂಗಳೆಲ್ಲ ಗ್ರಂಥಾಲಯದ ಹಿಂದೆ ಹೋಗಿ ಅತ್ತಿದ್ದು, ಪ್ರಯೋಗಾಲಯದಲ್ಲಿ ಸಲಕರಣೆಯ ಇಂಗ್ಲಿಷ್ ಹೆಸರು ತಪ್ಪಾಗಿ ಹೇಳಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕಿದ್ದು, ರೊಟ್ಟಿ ಇಲ್ಲದ ಮೆಸ್ಸಿನಲ್ಲಿ ಅನ್ನ ಸೇರದೆ ಬಿಸ್ಕತ್ತಿನ ಮೇಲೆ ದಿನ ತಳ್ಳಿದ್ದು. ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವಳು ಅದುವರೆಗೆ ಮಾತೇ ಆಡದಿದ್ದ ಕೊಡಗಿನ ರೂಮ್‌ಮೇಟ್. ಕೊನೆಗೆ ಗೀತಾ, "ಇದನ್ನೆಲ್ಲ ಹೇಳಿದರೆ ನೀನು ಬರುವುದಿಲ್ಲ ಅಂದುಕೊಂಡೆ" ಎಂದಳಂತೆ.

"ಈಗ ಹೆದರಿಕೆ ಹೆಚ್ಚಾಯಿತೇ?" ಎಂದು ಕೇಳಿದೆ. "ಇಲ್ಲ ಮೇಡಂ, ಕಡಿಮೆಯಾಯಿತು. ಅಕ್ಕನೂ ಅತ್ತಿದ್ದಾಳೆ, ಆದರೂ ಅಲ್ಲೇ ಇದ್ದಾಳೆ." ಸೀನಿಯರ್‌ಗಳ ಹೊಗಳಿಕೆಯಿಂದ ಹುಟ್ಟುವುದು ಆಸೆ ಮಾತ್ರ. ಧೈರ್ಯ ಬರುವುದು ಇಂಥ ಮಾತಿನಿಂದ ಎಂಬುದು ನನ್ನ ಅನುಭವ.

ಮಾವನ ಸರದಿ. ಬಿ.ಇಡಿ. ಬಗ್ಗೆ ಅವರ ಲೆಕ್ಕ ಸುಳ್ಳಲ್ಲ. ಎರಡು ವರ್ಷ, ಊರಿನ ಹತ್ತಿರ, ಕೆಲಸದ ದಾರಿ ನೇರ. ಅವರನ್ನು ಹಳ್ಳಿಯ ಹಟಮಾರಿ ಎಂದು ನೋಡಿದ್ದರೆ ಮಾತು ಅಲ್ಲಿಗೇ ಮುರಿಯುತ್ತಿತ್ತು. ನಾನು ಅವರ ಮುಂದಿಟ್ಟದ್ದು ಅವರದೇ ಲೆಕ್ಕದ ಮುಂದಿನ ಸಾಲು: ಪಿಯು ಉಪನ್ಯಾಸಕಿಯಾಗಲು ಸ್ನಾತಕೋತ್ತರ ಪದವಿಯೂ ಬೇಕು, ಬಿ.ಇಡಿ.ಯೂ ಬೇಕು. ಹಾಗಾಗಿ ಇದು ಬಿ.ಇಡಿ. ಬೇಡ ಎನ್ನುವ ಜಗಳವಲ್ಲ, ಯಾವುದು ಮೊದಲು ಎಂಬ ಪ್ರಶ್ನೆ. ಎಂ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡಲು ಏನೂ ಅಡ್ಡಿಯಿಲ್ಲ. ಅವರ ನಿಜವಾದ ಅಳುಕು ಬೇರೆ ಇತ್ತು, ಅದನ್ನು ಹೇಳಿದ್ದು ತಾಯಿ: "ಅಷ್ಟು ದೂರ. ರಾತ್ರಿಯೆಲ್ಲ ರೈಲಿನಲ್ಲಿ." ರಾಯಚೂರಿನಿಂದ ಬಸವ ಎಕ್ಸ್‌ಪ್ರೆಸ್ ಹತ್ತಿ ದಕ್ಷಿಣಕ್ಕೆ ಹೋಗುವುದು ಆ ಮನೆಯಲ್ಲಿ ಯಾರೂ ಮಾಡದ ಪ್ರಯಾಣ. ಈ ಅಳುಕಿಗೆ ಸಲಹೆಯಿಂದ ಉಪಯೋಗವಿಲ್ಲ. ದಾಖಲೆ ಪರಿಶೀಲನೆಗೆ ಮಾವನೇ ಜೊತೆಗೆ ಹೋಗಲಿ, ಹಾಸ್ಟೆಲ್ಲಿನ ಬಾಗಿಲು, ಬಸ್ ನಿಲ್ದಾಣ, ಆಸ್ಪತ್ರೆ ಎಲ್ಲವನ್ನೂ ಕಣ್ಣಾರೆ ನೋಡಿ ಬರಲಿ ಎಂದೆ.

ಅರ್ಜಿ ಹಾಕಿದ ವಿಷಯವನ್ನು ಶಾಂತಾಳೇ ಹೇಳಬೇಕಿತ್ತು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಮಾವ ಸಿಟ್ಟಾದರು. ಆದರೆ ಆ ಸಿಟ್ಟು ಹೆಚ್ಚಾಗಿ ಬಿ.ಇಡಿ. ಕಾಲೇಜಿನ ಮೇಲೆ ತಿರುಗಿತು. ಅಂಕಪಟ್ಟಿ ಕೇಳಲು ಹೋದಾಗ ಅಲ್ಲಿನವರು ಪೂರ್ತಿ ಶುಲ್ಕ ಕಟ್ಟಿ ಒಯ್ಯಿರಿ ಎಂದಿದ್ದರು. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧಿಸೂಚನೆಯ ಪ್ರಕಾರ ಯಾವ ಸಂಸ್ಥೆಯೂ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ, ನೋಡಿ ಕೂಡಲೇ ಹಿಂದಿರುಗಿಸಬೇಕು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಇರುವಾಗಲೇ ಹಿಂದೆ ಸರಿದರೆ ಸಂಸ್ಕರಣಾ ವೆಚ್ಚದ ಅಲ್ಪ ಮೊತ್ತ ಬಿಟ್ಟು ಶುಲ್ಕ ಪೂರ್ತಿ ವಾಪಸ್, ತಡವಾದಷ್ಟೂ ಕಡಿತ. ಇದನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಹೇಳಿದೆ. ಜಗಳ ಬೇಡ, ಮುದ್ರೆ ಸಾಕು. ಅಂಕಪಟ್ಟಿಗಳು ಮರುದಿನವೇ ಬಂದವು, ಹಣಕ್ಕೆ ಮಾತ್ರ ಬಹಳ ಅಲೆಯಬೇಕಾಯಿತು.

ಸೀಟು ಸಿಕ್ಕಿತು, 371 ಜೆ ಪಟ್ಟಿಯಲ್ಲೇ.

ಎರಡನೆಯ ತಿಂಗಳಲ್ಲಿ ಮತ್ತೆ ಫೋನ್ ಬಂತು. ಗೀತಾ ತನ್ನ ಪ್ರಾಜೆಕ್ಟಿನಲ್ಲಿ ಮುಳುಗಿದ್ದಾಳೆ, ಸಿಕ್ಕರೆ ಕೈಬೀಸಿ ಹೋಗುತ್ತಾಳೆ, ತನ್ನ ಗೆಳತಿಯರ ಗುಂಪಿಗೆ ಕರೆಯುವುದಿಲ್ಲ ಎಂದು ಶಾಂತಾ ಅಳುತ್ತಿದ್ದಳು. ನಾನು ಗೀತಾಳ ಪರ ವಹಿಸಿದೆ. ಕೈಹಿಡಿದು ಗೇಟಿನೊಳಗೆ ಬಿಟ್ಟವಳು ಎರಡು ವರ್ಷ ಜೊತೆಗೇ ನಡೆಯಬೇಕೆಂದು ಎಲ್ಲಿಯೂ ಬರೆದಿಲ್ಲ. ಬದಲಿಗೆ ಪ್ರಯೋಗಾಲಯದ ಜೊತೆಗಾತಿಯೊಂದಿಗೆ ದಿನವೂ ಮಧ್ಯಾಹ್ನದ ಊಟ ಮಾಡು, ವಾರಕ್ಕೊಮ್ಮೆ ಒಬ್ಬ ಅಧ್ಯಾಪಕರ ಬಳಿ ಒಂದೇ ಒಂದು ಸಂದೇಹ ಹಿಡಿದು ಹೋಗು, ಊರಿನವರ ಗುಂಪಿನಲ್ಲಿ ಇರು, ಆದರೆ ಅಲ್ಲೇ ಬೇರೂರಬೇಡ ಎಂದೆ. ಮೂರನೆಯ ಮಾತು ಅವಳಿಗೆ ಸಿಟ್ಟು ತಂದಿತು. ಉತ್ತರ ಕರ್ನಾಟಕದವರು ಒಟ್ಟಿಗಿರದಿದ್ದರೆ ಇಲ್ಲಿ ಯಾರೂ ಕೇಳುವುದಿಲ್ಲ ಎಂದು ವಾದಿಸಿದಳು. ಆ ವಾದದಲ್ಲಿ ಹುರುಳಿದೆ, ನಾನು ಒಪ್ಪಿದೆ. ಆದರೂ ಕೊಡಗಿನ ಆ ರೂಮ್‌ಮೇಟ್ ಯಾವ ಗುಂಪಿನವಳು ಎಂದು ಕೇಳಿದೆ.

ಶಾಂತಾಳ ಭಾಷೆಯನ್ನು ಒಬ್ಬ ಹುಡುಗ ದಿನವೂ ಅಣಕಿಸುತ್ತಿದ್ದ ವಿಷಯ ಬೇರೆ. ಒಮ್ಮೆ ನಕ್ಕರೆ ನಕ್ಕಾರು, ದಿನವೂ ಬೇಕೆಂದೇ ಮಾಡಿದರೆ ಅದು ರ‍್ಯಾಗಿಂಗ್. 2009ರ ಯುಜಿಸಿ ನಿಯಮದಲ್ಲಿ ಮಾತಿನಿಂದ ಕೀಟಲೆ ಮಾಡಿ ಅವಮಾನಿಸುವುದೂ ಸೇರಿದೆ. ಸಹಾಯವಾಣಿ 1800-180-5522. ಅದಕ್ಕೂ ಮೊದಲು ವಿಭಾಗದ ಮುಖ್ಯಸ್ಥರಿಗೆ ತಿಳಿಸು ಎಂದೆ. ಅವಳು ತಿಳಿಸಿದಳು, ಕರೆದು ಹೇಳಿದ ಮೇಲೆ ನಿಂತಿತು. ಇಂಗ್ಲಿಷಿನಲ್ಲಿ ನಡೆಯುವ ಪಾಠಕ್ಕೆ ಮಾತ್ರ ಅಡ್ಡದಾರಿ ಇಲ್ಲ. ಮರುದಿನದ ಪಾಠದ ಪುಟಗಳನ್ನು ಹಿಂದಿನ ರಾತ್ರಿಯೇ ಓದಿ, ತಿಳಿಯದ ಪದಗಳನ್ನು ಗುರುತು ಹಾಕಿಕೊಂಡು ಹೋಗುವುದು, ಉತ್ತರಗಳನ್ನು ಬರೆದು ಯಾರಿಗಾದರೂ ತೋರಿಸುವುದು. ಬೇಸರದ ದಿನ ಊರಿಗೆ ಹೊರಡುವ ಅಭ್ಯಾಸಕ್ಕೆ ನಾನು ಕಡಿವಾಣ ಹಾಕಿದೆ, ಏಕೆಂದರೆ ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ ಒಂದು ಪತ್ರಿಕೆ ಉಳಿಯಿತು, ಉಳಿದವು ಪಾಸಾದವು. ಮಾವ ಫೋನ್ ಮಾಡಿ, "ಇದಕ್ಕೇ ಹೇಳಿದ್ದೆ" ಎಂದರು. ಹಾಗೆಂದವರೇ ಮರುಪರೀಕ್ಷೆಯ ಶುಲ್ಕ ಎಷ್ಟೆಂದು ಕೇಳಿ ಅದನ್ನೂ ಕಳುಹಿಸಿದರು. ಬಿ.ಇಡಿ. ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಅವರು ಈಗಲೂ ವಿಚಾರಿಸುತ್ತಿರುತ್ತಾರೆ.