48 ಗಂಟೆಯ ಗೇಮ್ ಜಾಮ್‌ನಲ್ಲಿ (ನಿಗದಿತ ಸಮಯದೊಳಗೆ ಆಟ ತಯಾರಿಸುವ ಕೂಟ) ಒಬ್ಬರೇ ಸ್ಟ್ರಾಟೆಜಿ ಗೇಮ್ ಮುಗಿಸಬಹುದೇ? ಎದುರಾಳಿಯನ್ನು ಆಡಿಸುವ ಎಐ ಹೇಗೆ ಬರೆಯಬೇಕು?

ಮುಗಿಸಬಹುದು. ಆದರೆ ಸೈನ್ಯ ಕಟ್ಟಿ ದಾಳಿ ಮಾಡುವ, ಸರದಿಯಿಲ್ಲದೆ ಎಲ್ಲರೂ ಒಟ್ಟಿಗೇ ನಡೆಯುವ ರಿಯಲ್‌ಟೈಮ್ ಆಟ ಬೇಡ. ಹತ್ತಾರು ಸೈನಿಕರು ಒಬ್ಬರಿಗೊಬ್ಬರು ಅಡ್ಡ ಬರದಂತೆ ದಾರಿ ಹುಡುಕಬೇಕು, ಮೌಸ್ ಎಳೆದು ಗುಂಪು ಆರಿಸುವ ವ್ಯವಸ್ಥೆ ಬೇಕು, ಮೇಲೆ ಸಂಪನ್ಮೂಲಗಳ ಲೆಕ್ಕ ಬೇರೆ. ಇಷ್ಟು ಹೊತ್ತಿಗೆ ಮೊದಲ ದಿನ ಕಳೆದಿರುತ್ತದೆ, ಆಟ ಅನ್ನುವುದು ಇನ್ನೂ ಹುಟ್ಟಿರುವುದಿಲ್ಲ. ಚೌಕಗಳ ಮಣೆ, ಸರದಿಯ ಆಟ ಆರಿಸಿಕೊಳ್ಳಿ. 8×8 ಮಣೆ ಸಾಕು, 6×6 ಆದರೆ ಇನ್ನೂ ಒಳ್ಳೆಯದು. ಆಟಗಾರನಿಗೆ 3 ಕಾಯಿ, ಎದುರಾಳಿಯಲ್ಲಿ 3 ಬಗೆ. ಒಂದು ಲೆವೆಲ್ 5–6 ಸರದಿಯಲ್ಲಿ, ಇಡೀ ಆಟ ಹತ್ತು ನಿಮಿಷದೊಳಗೆ ಮುಗಿಯಲಿ. ಜಾಮ್‌ನ ಆಟಗಳಿಗೆ ಮತ ಹಾಕುವವರಿಗೆ ನೋಡಬೇಕಾದ ಆಟಗಳು ಬೇಕಾದಷ್ಟು ಇರುತ್ತವೆ.

ಈಗ ಎಐ. ಚೆಸ್ ಎಂಜಿನ್‌ನಂತೆ ಮುಂದಿನ ನಡೆಗಳನ್ನೆಲ್ಲ ಎಣಿಸುವ ಮಿನಿಮ್ಯಾಕ್ಸ್ ಬರೆಯುವ ಆಸೆ ಬರುತ್ತದೆ. ಚೆಸ್‌ನಲ್ಲಿ ಸರದಿಗೆ ಒಂದೇ ಕಾಯಿ ನಡೆಯುತ್ತದೆ. ನಿಮ್ಮ ಆಟದಲ್ಲಿ ಮೂರೂ ನಡೆಯುತ್ತವೆ. ಒಂದೊಂದಕ್ಕೆ 12 ಚೌಕಗಳ ಆಯ್ಕೆ, ಮೂರನ್ನು ಯಾವ ಕ್ರಮದಲ್ಲಾದರೂ ನಡೆಸಬಹುದು ಎಂದಿಟ್ಟುಕೊಂಡರೆ 12×12×12×6, ಅಂದರೆ ಒಂದು ಸರದಿಗೆ ಸುಮಾರು 10,368 ಸಾಧ್ಯತೆ. ಅದಕ್ಕೆ ಉತ್ತರವಾಗಿ ಬರುವ ಇನ್ನೊಬ್ಬರ ಸರದಿಯನ್ನೂ ಸೇರಿಸಿದರೆ ಹತ್ತು ಕೋಟಿ ದಾಟುತ್ತದೆ. ಹೊಡೆತಗಳನ್ನು ಇನ್ನೂ ಎಣಿಸಿಯೇ ಇಲ್ಲ.

ಅದರ ಬದಲು ಪ್ರತಿ ಬಗೆಯ ಎದುರಾಳಿಗೂ ಒಂದೇ ಸಾಲಿನ ನಿಯಮ ಕೊಡಿ. ಒಬ್ಬ ಹತ್ತಿರದ ಕಾಯಿಯ ಕಡೆ 2 ಚೌಕ ನಡೆದು ಪಕ್ಕದ ಚೌಕಕ್ಕೆ ಹೊಡೆಯುತ್ತಾನೆ. ಇನ್ನೊಬ್ಬ ಕಾಯಿಗಳನ್ನು ಬಿಟ್ಟು, ಆಟಗಾರ ಕಾಪಾಡಬೇಕಾದ ಕಟ್ಟಡದ ಕಡೆಗೇ ಹೋಗುತ್ತಾನೆ. ಮತ್ತೊಬ್ಬ ದೂರದಿಂದ ನೇರ ಸಾಲಿನಲ್ಲಿ ಬಾಣ ಬಿಡುತ್ತಾನೆ. ಎಲ್ಲಕ್ಕಿಂತ ಮುಖ್ಯ, ಆಟಗಾರನ ಸರದಿಗೆ ಮೊದಲೇ ಯಾರು ಎಲ್ಲಿಗೆ ಹೊಡೆಯುತ್ತಾರೆ ಎಂಬುದನ್ನು ಮಣೆಯ ಮೇಲೆ ಕೆಂಪು ಚೌಕವಾಗಿ ತೋರಿಸಿ. 2018ರ ಇನ್‌ಟು ದ ಬ್ರೀಚ್ ಎಂಬ ಸರದಿಯ ಆಟ 8×8 ಮಣೆಯ ಮೇಲೆ ಇದನ್ನೇ ಮಾಡುತ್ತದೆ. ಹೊಡೆತ ಚೌಕಕ್ಕೆ ಅಂಟಿರಲಿ, ಕಾಯಿಗೆ ಬೇಡ. ಆಗ ಆಟಗಾರ ತಪ್ಪಿಸಿಕೊಳ್ಳಬಹುದು, ಒಬ್ಬ ಎದುರಾಳಿಯನ್ನು ಇನ್ನೊಬ್ಬನ ಹೊಡೆತದ ಚೌಕಕ್ಕೆ ತಳ್ಳಬಹುದು. ತಂತ್ರವೆಲ್ಲ ಅಲ್ಲೇ ಹುಟ್ಟುತ್ತದೆ; ಎಐ ದಡ್ಡನಾಗಿದ್ದರೂ ನಡೆಯುತ್ತದೆ. ಎರಡು ಕಾಯಿ ಸಮಾನ ದೂರದಲ್ಲಿದ್ದರೆ ಕಡಿಮೆ ಜೀವ ಇರುವುದು ಮೊದಲು, ಅದೂ ಸಮ ಆದರೆ ಪಟ್ಟಿಯಲ್ಲಿ ಮೊದಲಿರುವುದು. ಇಲ್ಲಿ ರ‍್ಯಾಂಡಮ್ ಹಾಕಿದರೆ ಆಟಗಾರನ ಲೆಕ್ಕಾಚಾರ ಕೆಟ್ಟುಹೋಗುತ್ತದೆ.

ದಾರಿ ಹುಡುಕಲು ಎ ಸ್ಟಾರ್‌ನಂಥ (ಗುರಿಯ ದೂರ ಅಂದಾಜಿಸುತ್ತ ಹುಡುಕುವ ವಿಧಾನ) ದೊಡ್ಡ ವಿಧಾನ ಬೇಕಿಲ್ಲ. ಎಲ್ಲ ಚೌಕದ ಖರ್ಚೂ ಒಂದೇ ಆಗಿರುವಾಗ, ಅದೂ 64 ಚೌಕಕ್ಕೆ, ಹತ್ತಿರದ ಚೌಕದಿಂದ ಶುರುಮಾಡಿ ಸುತ್ತಲೂ ಹರಡುತ್ತ ಹುಡುಕುವ ಬಿಎಫ್‌ಎಸ್ ಧಾರಾಳವಾಯಿತು. ಎಡವುವುದು ಒಂದು ಕಡೆ: ಕಾಯಿ ನಿಂತ ಚೌಕಗಳನ್ನೆಲ್ಲ ತಡೆ ಎಂದು ಗುರುತಿಸಿ, ಗುರಿಯ ಚೌಕಕ್ಕೇ ದಾರಿ ಕೇಳುತ್ತೀರಿ. ಗುರಿಯ ಮೇಲೂ ಕಾಯಿ ಇರುವುದರಿಂದ ದಾರಿಯೇ ಸಿಗುವುದಿಲ್ಲ, ಎದುರಾಳಿಗಳು ಕಂಬದ ಹಾಗೆ ನಿಲ್ಲುತ್ತಾರೆ. ಗುರಿಯ ಸುತ್ತಲಿನ ಖಾಲಿ ಚೌಕಗಳಿಗೆ ದಾರಿ ಹುಡುಕಿ. ಅವೂ ಭರ್ತಿಯಾಗಿದ್ದರೆ ತಲುಪಬಹುದಾದ ಚೌಕಗಳಲ್ಲಿ ಗುರಿಗೆ ಹತ್ತಿರದ್ದು ಸಾಕು.

ಮಣೆಯ ಸ್ಥಿತಿಯನ್ನು ಚಿತ್ರ, ಅನಿಮೇಷನ್‌ಗಳಿಂದ ಪೂರ್ತಿ ಬೇರೆ ಇಡಿ: ಚೌಕಗಳ ಒಂದು ಅರೇ (ಸಾಲುಪಟ್ಟಿ), ಕಾಯಿಗಳ ಒಂದು ಪಟ್ಟಿ, ಅಷ್ಟೇ. ಪ್ರತಿ ನಡೆಗೆ ಮುಂಚೆ ಅದರ ಪ್ರತಿ ತೆಗೆದಿಟ್ಟರೆ ಅನ್‌ಡು (ನಡೆ ಹಿಂತೆಗೆಯುವ ಸೌಲಭ್ಯ) ಪುಕ್ಕಟೆಯಾಗಿ ಸಿಗುತ್ತದೆ. ಕೈತಪ್ಪಿ ಒತ್ತಿದ ಒಂದು ಕ್ಲಿಕ್‌ನಿಂದ ಸೋತವರು ಆಟ ಮುಚ್ಚಿ ಹೋಗುತ್ತಾರೆ, ಹಾಗಾಗಿ ಅನ್‌ಡು ಇರಲೇಬೇಕು. ಅನಿಮೇಷನ್ ಓಡುವಾಗ ಕ್ಲಿಕ್ ತಡೆಯಿರಿ. ಇಲ್ಲವಾದರೆ ಒಂದೇ ಕಾಯಿ ಎರಡು ಸಲ ನಡೆಯುತ್ತದೆ.

ಪ್ರತಿ ಕಾಯಿಗೆ ಜೀವ 2ರಿಂದ 4, ಒಂದು ಹೊಡೆತಕ್ಕೆ ಜೀವ 1 ಕಡಿಮೆ. ಶೇಕಡಾವಾರು ಗುರಿ ತಪ್ಪುವ ಲೆಕ್ಕ ಬೇಡ. ಸಮತೋಲನದಲ್ಲಿ ಬರುವ ದೊಡ್ಡ ತೊಂದರೆ ಎಂದರೆ ಮುಂದೆ ಹೋದವನು ಮೊದಲ ಪೆಟ್ಟು ತಿನ್ನುವುದು. ಹಾಗಿದ್ದಾಗ ಮೂಲೆಯಲ್ಲಿ ಕಾಯುವುದೇ ಉತ್ತಮ ಆಟವಾಗುತ್ತದೆ, ಅದು ಬೇಸರ. ಕಾಪಾಡಬೇಕಾದ ಕಟ್ಟಡವನ್ನು ಮಣೆಯ ನಡುವೆ ಇಡಿ, ಅಥವಾ ಸರದಿಗಳಿಗೆ ಮಿತಿ ಹಾಕಿ.

ಕೋಡ್‌ಗೆ ಮುಂಚೆ ಕಾಗದದ ಮೇಲೆ ಚೌಕ ಗೀಚಿ, ನಾಣ್ಯಗಳಿಟ್ಟು ಒಂದೆರಡು ಗಂಟೆ ಆಡಿ ನೋಡಿ. ಬರೀ ಬಣ್ಣದ ಡಬ್ಬಗಳಿಂದಾದರೂ 12ನೇ ಗಂಟೆಗೆ ಗೆಲುವು, ಸೋಲು ಎರಡೂ ಕಾಣಬೇಕು. 36ರ ನಂತರ ಹೊಸದೇನೂ ಸೇರಿಸಬೇಡಿ. ಮೊದಲ ದಿನವೇ ವೆಬ್ ಬಿಲ್ಡ್ (ಬ್ರೌಸರ್‌ನಲ್ಲಿ ಓಡುವ ಆವೃತ್ತಿ) ಅಪ್‌ಲೋಡ್ ಮಾಡಿ. ಆಟಗಳನ್ನು ಹಾಕುವ ತಾಣವಾದ ಇಚ್ ಡಾಟ್ ಐಓಗೆ ಜಿಪ್‌ನೊಳಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಫೈಲ್ ಇರಬೇಕು. ಫೈಲ್ ಹೆಸರಿನ ಕ್ಯಾಪಿಟಲ್–ಸ್ಮಾಲ್ ಅಕ್ಷರ ಕೋಡ್‌ನೊಂದಿಗೆ ಹೊಂದದಿದ್ದರೆ ವಿಂಡೋಸ್‌ನಲ್ಲಿ ಓಡಿದ್ದು ವೆಬ್‌ನಲ್ಲಿ ಬೀಳುತ್ತದೆ. ಬ್ರೌಸರ್ ಒಂದು ಕ್ಲಿಕ್ ಆಗುವವರೆಗೆ ಸದ್ದು ಹೊರಡಿಸುವುದಿಲ್ಲ, ಆದ್ದರಿಂದ ಮೊದಲ ಪರದೆಯಲ್ಲಿ 'ಶುರು' ಬಟನ್ ಇಡಿ. ಗೊಡೊ ಎಂಬ ಗೇಮ್ ಎಂಜಿನ್ ಬಳಸುವುದಾದರೆ ಅದರದೇ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಿರಿ.

ಕೊನೆಗೆ ಗಂಟೆ ಉಳಿದರೆ ನಾಲ್ಕನೇ ಬಗೆಯ ಎದುರಾಳಿ ಬೇಡ. ಒಂದು ಕಾಯಿ, ಒಬ್ಬ ಎದುರಾಳಿ ಇರುವ, ಓದುವುದಕ್ಕೇನೂ ಇಲ್ಲದ ಮೊದಲ ಲೆವೆಲ್ ಮಾಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಬಾಯಿ ಬಿಡದೆ ಆಡಿಸಿ. ಎಲ್ಲಿ ಅವರ ಕೈ ನಿಲ್ಲುತ್ತದೋ ಅದನ್ನು ಸರಿಪಡಿಸಿ.